ಸಾವಿರದ ಲೆಕ್ಕ

ತರಬೇತಿಯ ಮೂರನೇ ದಿನ, ಊಟ ಆದ ಮೇಲೆ,
ಫ್ಯಾನು ತಿರುಗಿಯೂ ಬೆವರುವ ಪಂಚಾಯತ್ ಹಾಲಿನಲ್ಲಿ
ಡಾಕ್ಟರಮ್ಮ ಗೋಡೆಯ ಮೇಲೆ ಮಿದುಳಿನ ಚಿತ್ರ ಬಿಟ್ಟು ಹೇಳಿದರು:
ಮೊದಲ ಸಾವಿರ ದಿನ. ಬರೆದುಕೊಳ್ಳಿ.
ಅಂಗನವಾಡಿ ಟೀಚರುಗಳು ನಾವು ಮೂವತ್ತೆರಡು ಮಂದಿ
ಬಗ್ಗಿ ಬರೆದುಕೊಂಡೆವು.

ಸಾವಿರ ಅಂದರೆ ನನಗೆ ಬೀಡಿ.
ತೊಕ್ಕೊಟ್ಟಿನ ರೈಲು ಹಳಿಯ ಹಿಂದಿನ ಮನೆಯಲ್ಲಿ
ಸಾವಿರಕ್ಕೆ ಇಷ್ಟು ಎಂದು ಮಜೂರಿ.
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ದಿನ.
ಬ್ರಾಂಚಿನಲ್ಲಿ ಒತ್ತಿ ನೋಡಿ ಸಡಿಲವಾದದ್ದನ್ನು ಎಸೆಯುತ್ತಿದ್ದರು.
ಎಸೆದದ್ದಕ್ಕೆ ಲೆಕ್ಕವಿಲ್ಲ.

ಭುಜಂಗಣ್ಣನ ಸಾವಿರ ದಿನ ಹೀಗೆ:
ಹೆಂಚಿನ ಕಾರ್ಖಾನೆಯ ಚಿಮಣಿ ತಣ್ಣಗಾದ ವರ್ಷ,
ಅಪ್ಪನ ಕೈಗೆ ಕೆಲಸವಿರಲಿಲ್ಲ, ಕೈ ಸುಮ್ಮನಿರಲಿಲ್ಲ.
ಅಮ್ಮ ಮಾತಾಡುತ್ತಿರಲಿಲ್ಲ,
ಮಾತಾಡಿದರೆ ಎಣಿಕೆ ತಪ್ಪುತ್ತದೆ.
ಹೊಗೆಸೊಪ್ಪಿನ ಹುಡಿ ಬಾಯಿಗೆ ಹಾಕದಂತೆ
ಹಳೆ ಸೀರೆಯ ಅಂಚಿನಿಂದ ಅವನ ಸೊಂಟ ಬಿಗಿದು
ಮಂಚದ ಕಾಲಿಗೆ ಕಟ್ಟಿದ್ದಳು. ಅಲ್ಲಿಂದ ಕಾಣುವುದು
ಬಾಗಿಲಿನ ಕೆಳಗಿನ ಅರ್ಧ.
ಅವನ ಕಿವಿ ಗುರುತು ಹಿಡಿದ ಮೊದಲ ಸದ್ದು ಚಿಲಕ.
ಚಿಲಕ ಸರಿದಾಗ ಉಸಿರು ಹಿಡಿದು ಕೂತರೆ
ರಾತ್ರಿ ತಲೆಯ ಮೇಲಿಂದ ಹಾದುಹೋಗುತ್ತದೆ ಎಂದು
ಒಂದೂವರೆ ವರ್ಷಕ್ಕೇ ಕಂಡುಕೊಂಡಿದ್ದ.
ಆಮೇಲೆ ಶಾಲೆಯಲ್ಲಿ ಬೋರ್ಡು ಬಿಟ್ಟು
ಬಾಗಿಲನ್ನೇ ನೋಡುತ್ತಾನೆ, ದಡ್ಡ, ಅಂದರು ಮೇಷ್ಟ್ರು.
ದಡ್ಡನಲ್ಲ. ಆ ಮನೆಗೆ ಬೇಕಾದದ್ದನ್ನು
ಆ ಮನೆಯಲ್ಲೇ ಕಲಿತಿದ್ದ.

ನನ್ನದು ನಾಲ್ಕು ವರ್ಷ ಆಮೇಲೆ. ಅದೇ ಮನೆ, ಅದೇ ಅಮ್ಮ.
ಅಪ್ಪ ಮುಂಬಯಿಯ ಹೋಟೆಲಿಗೆಂದು ಹೋದವನು ಮರಳಲಿಲ್ಲ,
ಜಗಲಿಗೆ ಗೆರಸೆ ಹಿಡಿದು ನೆರೆಯ ಹೆಂಗಸರು ಬರತೊಡಗಿದರು:
ಲೀಲಕ್ಕ, ಫಿಲೋಮಿನಾ ಬಾಯಿ, ಬೀಪಾತುಮ್ಮ.
ಅಮ್ಮನ ಚಾಚಿದ ಕಾಲುಗಳ ಸಂದಿಯಲ್ಲಿ ಮಲಗಿ
ನಾನು ನಾಲ್ಕು ಭಾಷೆಯ ಜಗಳ ಕೇಳಿದೆ.
ಕಟ್ಟು ಎಣಿಸುವ ನಡುವೆ ಯಾರೋ ನನ್ನ ಕಾಲಬೆರಳು ಹಿಡಿದು
ಒಂಜಿ, ರಡ್ಡ್, ಮೂಜಿ…
ನಾನು 'ಆ' ಅಂದರೆ ನಾಲ್ಕೂ ಕಡೆಯಿಂದ 'ಆ' ಬರುತ್ತಿತ್ತು.
ಅಷ್ಟೇ. ಬೇರೆ ಎಂತದೂ ಕೊಟ್ಟಿಲ್ಲ ನನಗೆ ಯಾರೂ.

ಅಣ್ಣ ಈಗ ಮುಡಿಪಿನ ಕೋರೆಯಲ್ಲಿ ಕೆಂಪುಕಲ್ಲು ಕಡಿಯುತ್ತಾನೆ.
ಅವನೇ ಹೇಳಿದ್ದು: ನೆಲದೊಳಗಿರುವಾಗ ಕಲ್ಲು ಮೆತ್ತಗೆ, ಮಾರಾಯ್ತಿ,
ಕತ್ತಿಗೆ ಬೆಲ್ಲದ ಹಾಗೆ. ಮೇಲೆ ಬಂದು ಗಾಳಿ ಬಿಸಿಲು ತಾಗಿತೋ,
ಹೇಗೆ ಕಡಿದಿದ್ದೆಯೋ ಹಾಗೇ.
ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಒಳ್ಳೆ ಉದಾಹರಣೆ ಅಂದರು,
ಮುಂದಿನ ಬ್ಯಾಚಿಗೆಂದು ಬರೆದುಕೊಂಡರು.
ಬಸ್ಸಿನಲ್ಲಿ ಬರುವಾಗ ನಾಚಿಕೆಯಾಯಿತು.
ಅಣ್ಣನನ್ನು ಕಲ್ಲು ಮಾಡಿಬಿಟ್ಟೆನಲ್ಲ.

ಮೊನ್ನೆ ಭಾನುವಾರ ನಾನೇ ನೋಡಿದ್ದೇನೆ:
ಗಾಳಿಗೆ ಚಿಲಕ ಬಡಿಯಿತು.
ನಲವತ್ತೊಂದು ವರ್ಷದ ಹೆಗಲು
ಕಿವಿಯವರೆಗೆ ಏರಿ ನಿಂತಿತು, ಉಸಿರೂ ನಿಂತಿತು.
ತಡವಾಗಿ ಆದ ಮದುವೆ, ತೊಡೆಯ ಮೇಲೆ ಹತ್ತು ತಿಂಗಳ ಯಶಿಕಾ.
ಬಾಗಿಲ ಕಡೆ ಅವಳು ತಿರುಗಲೇ ಇಲ್ಲ,
ಅವನ ಮುಖ ನೋಡಿದಳು,
ಹೆದರಬೇಕೋ ಬೇಡವೋ ಅಲ್ಲಿ ಬರೆದಿರುತ್ತದೆ ಎಂಬಂತೆ.
ಅವನಿಗೆ ಗೊತ್ತಾಯಿತು. ಹೇಗೋ.
ಅವನನ್ನು ಯಾವ ತರಬೇತಿಗೂ ಕರೆದಿಲ್ಲ.
ಹೆಗಲು ಇಳಿಸಿದ, ಮೊದಲು ಎಡದ್ದು, ಆಮೇಲೆ ಇನ್ನೊಂದು.
"ಗಾಳಿ," ಅಂದ ಮಗುವಿಗೆ. "ಬರೀ ಗಾಳಿ."
'ಆ' ಅಂದಳು ಅವಳು.
ಸ್ವಲ್ಪ ತಡೆದು,
ತೆರೆದ ಬಾಯಿಯನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ,
ನನ್ನಣ್ಣ 'ಆ' ಅಂದ.

ಒಳಗೆ, ದಿನಕ್ಕಿನ್ನೂ ಇನ್ನೂರು ಸುತ್ತುವ
ಅಮ್ಮನ ಕತ್ತರಿ ನಿಂತಿತು.
ಎಣಿಕೆ ತಪ್ಪಿರಬೇಕು.